ಅರ್ಧ ಅಂಕದ ಗೆಲುವು

ಕಲಬುರಗಿ ನಗರದಲ್ಲಿ ಕಾಲೇಜು ಓದುವ ಸೋದರಳಿಯ, ಕಮಲಾಪುರದ ಮನೆಯಲ್ಲಿ ಸೋದರಮಾವ. ನಡುವೆ ಹಲವು ಹರದಾರಿಗಳ ದೂರ. ಆದರೂ ರಾತ್ರಿಯ ಊಟವಾದೊಡನೆ ಫೋನಿನ ಮೂಲಕ ಇಬ್ಬರೂ ಒಂದೇ ಮಣೆಯ ಮುಂದೆ ಕುಳಿತಿರುವರೆಂದು ಭಾವಿಸಿರಿ. ಆಟದ ಹೆಸರು ‘ಗೋ’. ಅಡ್ಡಕ್ಕೆ 19, ಉದ್ದಕ್ಕೆ 19 ಗೆರೆಗಳು. ಅವು ಕೂಡುವ ಎಡೆಗಳು 361. ಕರಿಯ ಕಲ್ಲಿನವನದು ಮೊದಲ ನಡೆ. ಹೆಚ್ಚು ನೆಲವನ್ನು ಸುತ್ತುವರಿದವನಿಗೆ ಜಯ.

ಮೊದಲ ನಡೆಯ ಲಾಭಕ್ಕೆ ಪ್ರತಿಯಾಗಿ, ಜಪಾನಿನ ಪದ್ಧತಿಯಂತೆ, ಬಿಳಿಯವನಿಗೆ 6.5 ಅಂಕ ಸಲ್ಲುತ್ತದೆ. ಇದೇ ‘ಕೋಮಿ’. ಮಣೆಯ ಮೇಲೆ ಅಳಿಯನ ಕರಿಕಲ್ಲು 6 ಅಂಕ ಮುಂದಿದೆ. ಗೆದ್ದೆನೆಂದು ಅವನು ಹಿಗ್ಗುವಷ್ಟರಲ್ಲಿ ಬಿಳಿಗೆ ಅರ್ಧ ಅಂಕದ ಗೆಲುವೆಂದು ಫೋನು ಬರೆಯುತ್ತದೆ! ಕೋಮಿಯನ್ನು ತಪ್ಪಾಗಿ ನಮೂದಿಸಿದ್ದರೆ ಮಾವನ ಜಯ ಅಳಿಯನ ಪಾಲಾಗುತ್ತಿತ್ತು. ಸತ್ತ ಕಲ್ಲುಗಳು ಯಾವುವೆಂದು ಇಬ್ಬರೂ ಒಪ್ಪಿದ ಮೇಲೆಯೇ ಫಲಿತಾಂಶ ದಾಖಲಾಗತಕ್ಕದ್ದು. ಎಣಿಕೆಗೆ ಮೊದಲೇ ಒಬ್ಬನು ಸೋಲೊಪ್ಪಿದರೆ ಅಂಕಿಯ ಬದಲು ‘ಆರ್’ ಎಂಬ ಅಕ್ಷರ.

ಆದರೆ ಫಲಿತಾಂಶವೊಂದೇ ಸಾಲದು. 1846ರಲ್ಲಿ ಜಪಾನಿನ ತರುಣ ಶೂಸಾಕು, ಹಿರಿಯ ಆಟಗಾರ ಗೆನ್ನಾನ್ ಇನ್ಸೆಕಿಯನ್ನು 2 ಅಂಕಗಳಿಂದ ಸೋಲಿಸಿದನು. ಜಗತ್ತು ನೆನೆಯುವುದು ಆ ಎರಡು ಅಂಕಗಳನ್ನಲ್ಲ, 127ನೆಯ ನಡೆಯನ್ನು. ಅದನ್ನು ಕಂಡು ಇನ್ಸೆಕಿಯ ಕಿವಿ ಕೆಂಪೇರಿತೆಂದು ಕಥೆ. ನಡೆಗಳನ್ನೆಲ್ಲ ಬರೆದಿಟ್ಟುದರಿಂದ ಆ ಆಟವನ್ನು ಇಂದಿಗೂ ಆಡಿ ನೋಡಬಹುದು.

ಜಗುಲಿಯ ಮೇಲೆ ಬರೆದ ಚೌಕಾಬಾರದ ಗೆರೆಗಳು ಸೀಮೆಸುಣ್ಣದೊಡನೆ ಅಳಿಸಿಹೋದವು; ಎಷ್ಟು ಅಜ್ಜಿಯರ ಜಾಣ್ಮೆ ಅವುಗಳೊಡನೆ ಅಳಿಯಿತೋ! ಮಾವ ಅಳಿಯರ ಸೋಲು ಗೆಲುವುಗಳಾದರೂ, ನಡೆನಡೆಯಾಗಿ, ಉಳಿಯಲಿ.