ಅಂಗನವಾಡಿ ಮಕ್ಕಳ ಪ್ರಗತಿಯ ಮೌಲ್ಯಮಾಪನ: ಯಾವ ಮಾರ್ಗಸೂಚಿ ಯಾವುದಕ್ಕೆ?

ಆಲಮಟ್ಟಿ ಸುತ್ತಮುತ್ತಲಿನ ಗ್ರಾಮಗಳು ಹಾಗೂ ಪುನರ್ವಸತಿ ಕೇಂದ್ರಗಳು, ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ ಮತ್ತು ಇಂಡಿ ಭಾಗದ ಪೋಷಕರ ಮಾಹಿತಿಗಾಗಿ ಈ ವಿವರಣೆಯನ್ನು ನೀಡಲಾಗಿದೆ.

ಹಿನ್ನೆಲೆ

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದಿನಾಂಕ 2-10-1975ರಂದು ದೇಶದಲ್ಲಿ ಪ್ರಾರಂಭವಾಯಿತು. ಈ ಯೋಜನೆಯಡಿ ಅಂಗನವಾಡಿ ಕೇಂದ್ರಗಳಲ್ಲಿ ಪೂರಕ ಪೌಷ್ಟಿಕ ಆಹಾರ, ಶಾಲಾಪೂರ್ವ ಶಿಕ್ಷಣ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ತಜ್ಞರಲ್ಲಿಗೆ ಕಳುಹಿಸುವ ಸೇವೆ ಹಾಗೂ ಪೌಷ್ಟಿಕತೆ ಮತ್ತು ಆರೋಗ್ಯ ಶಿಕ್ಷಣ ಎಂಬ ಆರು ಸೇವೆಗಳು ದೊರೆಯುತ್ತವೆ. ಮಗುವಿಗೆ ಇವುಗಳಲ್ಲಿ ಯಾವುದರ ಅಗತ್ಯ ಹೆಚ್ಚಾಗಿದೆ ಎಂಬುದನ್ನು ತಿಳಿಯಲು ಅದರ ಪ್ರಗತಿಯನ್ನು ಆಗಾಗ್ಗೆ ಅಳೆದು ದಾಖಲಿಸಬೇಕಾಗುತ್ತದೆ.

ಮಗು ಸರಿಯಾಗಿ ಬೆಳೆಯುತ್ತಿದೆಯೇ ಎಂಬ ಒಂದು ಪ್ರಶ್ನೆಯಲ್ಲಿ ವಾಸ್ತವವಾಗಿ ಮೂರು ಪ್ರಶ್ನೆಗಳು ಅಡಗಿವೆ. ದೇಹ ಬೆಳೆಯುತ್ತಿದೆಯೇ, ವಯಸ್ಸಿಗೆ ತಕ್ಕ ಚಲನೆ ಮತ್ತು ಮಾತು ಬಂದಿದೆಯೇ, ಕಲಿಕೆ ಮುಂದುವರಿಯುತ್ತಿದೆಯೇ ಎಂಬುದೇ ಆ ಮೂರು ಪ್ರಶ್ನೆಗಳು. ಪ್ರತಿಯೊಂದಕ್ಕೂ ಪ್ರತ್ಯೇಕ ಮಾರ್ಗಸೂಚಿ ಇದ್ದು, ಒಂದರ ಫಲಿತಾಂಶದಿಂದ ಮತ್ತೊಂದನ್ನು ಊಹಿಸಬಾರದು. ತೂಕ ಸರಿಯಾಗಿದ್ದ ಮಾತ್ರಕ್ಕೆ ಮಗುವಿನ ಕಿವಿ ಸರಿಯಾಗಿ ಕೇಳುತ್ತಿದೆ ಎಂದು ಹೇಳಲಾಗದು.

1. ದೈಹಿಕ ಬೆಳವಣಿಗೆ

ಇದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಬೆಳವಣಿಗೆಯ ಮಾನದಂಡಗಳನ್ನು ಅನುಸರಿಸಲಾಗುತ್ತದೆ. ಗಂಡು ಮತ್ತು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ನಕ್ಷೆಗಳಿವೆ. ವಯಸ್ಸಿಗೆ ತಕ್ಕ ತೂಕದ ನಕ್ಷೆಯಲ್ಲಿ ಹಸಿರು ಸಾಮಾನ್ಯ ಸ್ಥಿತಿಯನ್ನು, ಹಳದಿ ಸಾಧಾರಣ ಕಡಿಮೆ ತೂಕವನ್ನು, ಕಿತ್ತಳೆ ತೀವ್ರ ಕಡಿಮೆ ತೂಕವನ್ನು ಸೂಚಿಸುತ್ತದೆ. ಒಂದು ತಿಂಗಳ ಬಿಂದುವಿಗಿಂತ ಹಲವು ತಿಂಗಳ ಗೆರೆಯ ದಿಕ್ಕು ಮುಖ್ಯ. ಹಸಿರಿನಲ್ಲಿಯೇ ಇದ್ದರೂ ಗೆರೆ ಸಮತಟ್ಟಾಗಿದ್ದಲ್ಲಿ ಅಥವಾ ಇಳಿಯುತ್ತಿದ್ದಲ್ಲಿ ಕಾರಣವನ್ನು ವಿಚಾರಿಸತಕ್ಕದ್ದು.

6ರಿಂದ 59 ತಿಂಗಳ ಮಗುವಿನ ರಟ್ಟೆಯ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದಲ್ಲಿ ಅಥವಾ ಎರಡೂ ಪಾದಗಳಲ್ಲಿ ಊತವಿದ್ದು ಒತ್ತಿದಾಗ ಕುಳಿ ಬೀಳುತ್ತಿದ್ದಲ್ಲಿ, ಅದು ತೀವ್ರ ಅಪೌಷ್ಟಿಕತೆಯ ಲಕ್ಷಣ. ಅಂತಹ ಮಗುವನ್ನು ಮುಂದಿನ ತಿಂಗಳ ತೂಕಕ್ಕಾಗಿ ಕಾಯದೆ ಕೂಡಲೇ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು.

2. ಚಲನೆ, ಮಾತು ಮತ್ತು ವರ್ತನೆ

ಇದಕ್ಕೆ ತಾಯಿ ಕಾರ್ಡ್‌ನಲ್ಲಿರುವ ಬೆಳವಣಿಗೆಯ ಹಂತಗಳನ್ನು ನೋಡಬಹುದು. ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳಿಗಾಗಿ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2024ರಲ್ಲಿ ‘ನವಚೇತನ’ ಎಂಬ ಚೌಕಟ್ಟನ್ನು ಹೊರತಂದಿದ್ದು, ಮನೆಯಲ್ಲಿಯೂ ಮಾಡಬಹುದಾದ 140 ಚಟುವಟಿಕೆಗಳು ಅದರಲ್ಲಿವೆ.

ಹಂತಗಳಿಗೆ ನಿಗದಿತ ದಿನಾಂಕವಿರುವುದಿಲ್ಲ, ಒಂದು ಅವಧಿಯಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದ ಪ್ರಕಾರ ಆರೋಗ್ಯವಂತ ಮಕ್ಕಳು ಆಸರೆಯಿಲ್ಲದೆ ನಡೆಯುವುದು ಸುಮಾರು 8ರಿಂದ 18 ತಿಂಗಳೊಳಗೆ. ಆದ್ದರಿಂದ ನೆರೆಮನೆಯ ಮಗು 11ನೇ ತಿಂಗಳಿಗೆ ನಡೆಯಿತೆಂದು 13 ತಿಂಗಳ ತಮ್ಮ ಮಗುವಿನ ಬಗ್ಗೆ ಚಿಂತಿಸಬೇಕಾಗಿಲ್ಲ. ಆದರೆ 18 ತಿಂಗಳಾದರೂ ನಡೆಯದಿದ್ದಲ್ಲಿ, ಸದ್ದಿಗೆ ಪ್ರತಿಕ್ರಿಯಿಸದಿದ್ದಲ್ಲಿ, ಅಥವಾ ಯಾವುದೇ ವಯಸ್ಸಿನಲ್ಲಿ ಈಗಾಗಲೇ ಬಂದಿದ್ದ ಮಾತು ಇಲ್ಲವೇ ನಡಿಗೆ ಹಿಂದೆ ಸರಿದಲ್ಲಿ ವಿಳಂಬ ಮಾಡಬಾರದು. 2013ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯಕೀಯ ತಂಡವು ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಭೇಟಿ ನೀಡಬೇಕಾಗಿದ್ದು, ತೊಂದರೆ ಕಂಡುಬಂದ ಮಕ್ಕಳನ್ನು ಉಚಿತ ಚಿಕಿತ್ಸೆಗೆ ಕಳುಹಿಸಲಾಗುತ್ತದೆ. ಭೇಟಿಯ ದಿನವನ್ನು ಕಾರ್ಯಕರ್ತೆಯವರಿಂದ ಮುಂಚಿತವಾಗಿ ತಿಳಿದುಕೊಳ್ಳುವುದು.

3. ಕಲಿಕೆ (3ರಿಂದ 6 ವರ್ಷ)

ಈ ವಯಸ್ಸಿನ ಮಕ್ಕಳಿಗಾಗಿ 2024ರ ‘ಆಧಾರಶಿಲಾ’ ಪಠ್ಯಕ್ರಮವಿದ್ದು, 48 ವಾರಗಳ ಆಟ ಆಧಾರಿತ ಚಟುವಟಿಕೆಗಳನ್ನು ಒಳಗೊಂಡಿದೆ. ನಮ್ಮ ರಾಜ್ಯದ ಅಂಗನವಾಡಿಗಳಿಗೆ ‘ಚಿಲಿಪಿಲಿ’ ಚಟುವಟಿಕೆಗಳು ಪರಿಚಿತವಾಗಿವೆ. ಅಕ್ಟೋಬರ್ 2022ರಲ್ಲಿ ಬಿಡುಗಡೆಯಾದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಈ ವಯಸ್ಸಿಗೆ ಪರೀಕ್ಷೆಗಳು ಸೂಕ್ತವಲ್ಲವೆಂದು ಸ್ಪಷ್ಟಪಡಿಸಿದೆ. ಮಗು ಆಡುವಾಗ, ಕಥೆ ಕೇಳುವಾಗ, ಚಿತ್ರ ಬಿಡಿಸುವಾಗ ಗಮನಿಸಿ ಬರೆದಿಡುವುದೇ ಮೌಲ್ಯಮಾಪನ. ಮಗುವನ್ನು ಅದರ ಹಿಂದಿನ ಸ್ಥಿತಿಯೊಂದಿಗೆ ಹೋಲಿಸಬೇಕೇ ವಿನಃ ಪಕ್ಕದ ಮಗುವಿನೊಂದಿಗಲ್ಲ. ಅಂಕ ಅಥವಾ ರ‍್ಯಾಂಕ್ ನೀಡುವ ಪದ್ಧತಿಗಳನ್ನು ಪೋಷಕರು ಪ್ರಗತಿಯ ಅಳತೆಯೆಂದು ಪರಿಗಣಿಸಬೇಕಾಗಿಲ್ಲ.

ಮನೆಮಾತಿನ ವಿಷಯ

ಈ ಭಾಗದ ತಾಂಡಾಗಳಲ್ಲಿ ಲಂಬಾಣಿ, ಇಂಡಿಯ ಗಡಿ ಗ್ರಾಮಗಳ ಕೆಲವು ಮನೆಗಳಲ್ಲಿ ಮರಾಠಿ, ಇನ್ನು ಕೆಲವು ಮನೆಗಳಲ್ಲಿ ಉರ್ದು ಮಾತನಾಡಲಾಗುತ್ತದೆ. ತಾಂಡಾದ ನಾಲ್ಕು ವರ್ಷದ ಮಗುವೊಂದಕ್ಕೆ ಕನ್ನಡದಲ್ಲಿ ಬಣ್ಣದ ಹೆಸರು ಕೇಳಿದರೆ ಅದು ಸುಮ್ಮನಿರಬಹುದು. ಅದೇ ಮಗು ತಾಯಿಯ ಮುಂದೆ ಲಂಬಾಣಿಯಲ್ಲಿ ಎಲ್ಲ ಬಣ್ಣಗಳನ್ನೂ ಹೇಳಬಹುದು. ಮೊದಲನೆಯದನ್ನು ಮಾತ್ರ ದಾಖಲಿಸಿದಲ್ಲಿ ಬುದ್ಧಿವಂತ ಮಗುವಿನ ಮೇಲೆ ‘ಹಿಂದುಳಿದಿದೆ’ ಎಂಬ ಗುರುತು ಉಳಿದುಬಿಡುತ್ತದೆ. ಇದಕ್ಕೆ ಪ್ರತಿಯಾಗಿ, ಮನೆಮಾತಿನಲ್ಲಿಯೂ ಮಾತನಾಡದ ಮಗುವನ್ನು ‘ಕನ್ನಡ ಬರುವುದಿಲ್ಲ, ಅಷ್ಟೆ’ ಎಂದು ಬಿಟ್ಟರೆ ಶ್ರವಣ ದೋಷವು ತಡವಾಗಿ ತಿಳಿಯುತ್ತದೆ. ಆದ್ದರಿಂದ ಮನೆಮಾತು ಯಾವುದೆಂದು ದಾಖಲಾತಿಯ ಸಮಯದಲ್ಲಿಯೇ ತಿಳಿಸಿ, ಮೌಲ್ಯಮಾಪನದ ವೇಳೆ ತಾಯಿ ಅಥವಾ ಅಜ್ಜಿ ಹಾಜರಿರುವುದು ಸೂಕ್ತ.

ದುಡಿಯಲು ವಲಸೆ ಹೋಗುವ ಕುಟುಂಬಗಳು

ಕಬ್ಬು ಕಟಾವಿನ ಹಂಗಾಮಿನಲ್ಲಿ ಹಾಗೂ ಕೂಲಿಗಾಗಿ ಮಹಾರಾಷ್ಟ್ರ, ಗೋವಾ ಕಡೆಗೆ ಹೋಗುವ ಕುಟುಂಬಗಳ ಮಕ್ಕಳ ದಾಖಲೆಗಳಲ್ಲಿ ಹಲವು ತಿಂಗಳು ಖಾಲಿ ಉಳಿಯುತ್ತವೆ. ಖಾಲಿ ಉಳಿದ ಅವಧಿಯಲ್ಲಿ ತೂಕ ಇಳಿದರೂ ಯಾರ ಗಮನಕ್ಕೂ ಬರುವುದಿಲ್ಲ. ಇದನ್ನು ತಪ್ಪಿಸಲು:

• ಹೊರಡುವ ಮುನ್ನ ಮಗುವಿನ ತೂಕ, ಎತ್ತರವನ್ನು ತಾಯಿ ಕಾರ್ಡ್‌ನಲ್ಲಿ ಬರೆಯಿಸಿಕೊಂಡು ಕಾರ್ಡನ್ನು ಜೊತೆಗೆ ಒಯ್ಯುವುದು.
• ಪೋಷಣ್ ಟ್ರ್ಯಾಕರ್‌ನಲ್ಲಿ ಫಲಾನುಭವಿಯನ್ನು ಬೇರೆ ಅಂಗನವಾಡಿಗೆ ವರ್ಗಾಯಿಸಲು ಅವಕಾಶವಿರುವುದರಿಂದ, ಹೋಗುವ ಊರನ್ನು ಕಾರ್ಯಕರ್ತೆಯವರಿಗೆ ತಿಳಿಸುವುದು.
• ಮರಳಿದ ವಾರದಲ್ಲಿಯೇ ಮತ್ತೊಮ್ಮೆ ಅಳತೆ ಮಾಡಿಸುವುದು.

ಶಾಲಾ ಪ್ರವೇಶ

ಅಂಗನವಾಡಿಯ ಪ್ರಗತಿ ದಾಖಲೆಯು ಮಗುವಿಗೆ ನೆರವು ನೀಡಲು ಇರುವುದೇ ಹೊರತು ಮಗುವನ್ನು ತಿರಸ್ಕರಿಸಲು ಅಲ್ಲ. ಶಿಕ್ಷಣ ಹಕ್ಕು ಕಾಯ್ದೆ, 2009ರ 13ನೇ ಪ್ರಕರಣದಂತೆ ಶಾಲಾ ಪ್ರವೇಶಕ್ಕಾಗಿ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷೆಗೆ ಒಳಪಡಿಸುವಂತಿಲ್ಲ.

ಯಾರನ್ನು ಸಂಪರ್ಕಿಸಬೇಕು?

ಮೊದಲು ಅಂಗನವಾಡಿ ಕಾರ್ಯಕರ್ತೆಯವರನ್ನು, ನಂತರ ವಲಯ ಮೇಲ್ವಿಚಾರಕಿಯವರನ್ನು ಸಂಪರ್ಕಿಸುವುದು. ದಾಖಲೆಯಲ್ಲಿ ತಪ್ಪಿದೆ ಎನಿಸಿದಲ್ಲಿ ಅಥವಾ ಮರು ಅಳತೆ ಅಗತ್ಯವಿದ್ದಲ್ಲಿ, ಮಗುವಿನ ಹೆಸರು, ಜನ್ಮ ದಿನಾಂಕ, ಅಂಗನವಾಡಿಯ ಹೆಸರು ಹಾಗೂ ಕೋರಿಕೆಯನ್ನು ಬರೆದು, ತಾಯಿ ಕಾರ್ಡ್‌ನ ಪ್ರತಿಯೊಂದಿಗೆ ಸಂಬಂಧಪಟ್ಟ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರಿಗೆ ಬಿಳಿ ಹಾಳೆಯಲ್ಲಿ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯುವುದು. ತೂಕ, ಎತ್ತರದ ಅಳತೆಗಾಗಲಿ ತಪಾಸಣೆಗಾಗಲಿ ಯಾವುದೇ ಶುಲ್ಕವಿರುವುದಿಲ್ಲ.

ಮಗುವಿನ ಮೊದಲ ಆರು ವರ್ಷಗಳು ಮತ್ತೆ ಬರುವುದಿಲ್ಲ. ಸಕಾಲದಲ್ಲಿ ತಿಳಿದ ಅನೇಕ ತೊಂದರೆಗಳಿಗೆ ಪರಿಹಾರವಿದೆ. ಆದ್ದರಿಂದ ಪ್ರತಿ ತಿಂಗಳ ಅಳತೆಯ ದಿನದಂದು ಪೋಷಕರು ತಪ್ಪದೇ ಹಾಜರಿದ್ದು, ದಾಖಲೆಯನ್ನು ತಾವೇ ನೋಡಿ, ಅರ್ಥವಾಗದಿದ್ದನ್ನು ಕೇಳಿ ತಿಳಿದುಕೊಳ್ಳಬೇಕೆಂದು ಕೋರಲಾಗಿದೆ.