ಅರ್ಕಾವತಿಯ ಕಣಿವೆಯಲ್ಲಿ ಒಂದು ಸಂಚಾರ

ಥೇಮ್ಸ್ ನದಿಯ ತೀರದಲ್ಲಿ ನೋಡತಕ್ಕ ಮಹಾಗೃಹಗಳು ಯಾವುವೆಂದು ಕೇಳಿದರೆ, ಇಂಗ್ಲಿಷ್ ವಿದ್ಯೆಯನ್ನು ಕಲಿತ ನಾವು ವಿಂಡ್ಸರ್, ಹ್ಯಾಂಪ್ಟನ್ ಕೋರ್ಟ್ ಎಂದು ತಡವರಿಸದೆ ಹೇಳಿಬಿಡುವೆವು. ನಮ್ಮ ಮನೆಬಾಗಿಲಿನ ಅರ್ಕಾವತಿಯ ಕಣಿವೆಯಲ್ಲಿ ನೋಡತಕ್ಕದ್ದೇನು ಎಂದರೆ ಮಾತ್ರ ಬಾಯಿ ಕಟ್ಟುವುದು. ಬೆಂಗಳೂರಿನ ಉತ್ತರಕ್ಕಿರುವ ಶೆಟ್ಟಿಹಳ್ಳಿಯಿಂದ ಬೆಳಗ್ಗೆ ಹೊರಟವರು ಈ ಕಣಿವೆಯ ಮೇಲ್ಭಾಗದ ಮುಖ್ಯ ಸ್ಥಳಗಳನ್ನು ನೋಡಿಕೊಂಡು ಸಂಜೆಗೆ ಮನೆ ಸೇರಬಹುದು. ಆ ಸಂಚಾರದಲ್ಲಿ ಏನನ್ನು ನೋಡಬೇಕು, ಹೇಗೆ ನೋಡಬೇಕು ಎಂಬುದನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬಯಸುತ್ತೇವೆ.

ಹಳೆಯ ಕಟ್ಟಡವನ್ನು ಕಂಡೊಡನೆ, ಇದನ್ನು ಕಟ್ಟಿಸಿದವರಾರು, ಇದು ಯಾವ ಕಾಲದ್ದು ಎಂದು ಕೇಳುವುದು ವಾಡಿಕೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದುಂಟು: ಇದು ಇಲ್ಲಿಯೇ ಏಕೆ ನಿಂತಿತು? ನದಿಯ ಕಣಿವೆಯಲ್ಲಿ ಈ ಪ್ರಶ್ನೆಗೆ ಬಹುಮಟ್ಟಿಗೆ ದೊರಕುವ ಉತ್ತರ ನೀರು.

ಅರ್ಕಾವತಿಯು ನಂದಿಬೆಟ್ಟದಲ್ಲಿ ಹುಟ್ಟಿ, ದಕ್ಷಿಣಾಭಿಮುಖವಾಗಿ ಹರಿದು, ಕನಕಪುರವನ್ನು ದಾಟಿ ಸಂಗಮವೆಂಬಲ್ಲಿ ಕಾವೇರಿಯನ್ನು ಕೂಡುತ್ತದೆ. ನಂದಿಯ ತಪ್ಪಲಿನಲ್ಲಿ 9ನೆಯ ಶತಮಾನದಲ್ಲಿ ಮೊದಲಾದ ಭೋಗನಂದೀಶ್ವರ ದೇವಾಲಯವೂ ಅದರ ಸುಂದರವಾದ ಕಲ್ಯಾಣಿಯೂ ಇವೆ. ಸುಮಾರು 1,478 ಮೀಟರ್ ಎತ್ತರದ ಶಿಖರದಲ್ಲಿ ಟಿಪ್ಪು ಸುಲ್ತಾನನ ಬೇಸಗೆಯ ಮನೆಯುಂಟು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಕಟ್ಟಿಸಿದ ಬಂಗಲೆಯುಂಟು. ಗಾಂಧೀಜಿಯವರು 1927ರಲ್ಲಿಯೂ 1936ರಲ್ಲಿಯೂ ಈ ಬೆಟ್ಟದ ಮೇಲೆ ತಂಗಿ ವಿಶ್ರಾಂತಿ ಪಡೆದರು. ಸುಲ್ತಾನನನ್ನೂ, ಅವನ ರಾಜ್ಯವನ್ನು ಕಳೆದವರ ಕಡೆಯ ಅಧಿಕಾರಿಯನ್ನೂ, ಆ ಅಧಿಕಾರವನ್ನೇ ಎದುರಿಸಿದ ಮಹಾತ್ಮರನ್ನೂ ಒಂದೇ ಬೆಟ್ಟಕ್ಕೆ ಕರೆತಂದದ್ದು ಅಲ್ಲಿನ ತಂಪು. ಆದರೆ ತಂಪೊಂದರಿಂದಲೇ ಮನೆ ನಡೆಯದು; ಬೆಟ್ಟದ ಮೇಲಿನ ಅಮೃತಸರೋವರವನ್ನು ನೋಡಿದ ಮೇಲೆಯೇ ಅಲ್ಲಿನ ಕೋಟೆಯೂ ಬಂಗಲೆಯೂ ಅರ್ಥವಾಗುತ್ತವೆ.

ನಂದಿಯಿಂದ ಇಳಿದು ನದಿಯ ಜಾಡನ್ನು ಹಿಡಿದು ಬಂದರೆ, ದೊಡ್ಡಬಳ್ಳಾಪುರವನ್ನು ದಾಟಿದ ಬಳಿಕ ಹೆಸರಘಟ್ಟ ಸಿಕ್ಕುತ್ತದೆ. ಒಂದು ಕಾಲಕ್ಕೆ ಬೆಂಗಳೂರಿನ ಜನ ಧರ್ಮಾಂಬುಧಿ, ಸಂಪಂಗಿ ಮೊದಲಾದ ಕೆರೆಗಳನ್ನೂ ಬಾವಿಗಳನ್ನೂ ನಂಬಿ ಬದುಕಿದ್ದರು. ಊರು ಬೆಳೆದಂತೆ ಆ ನೀರು ಸಾಲದಾಯಿತು, ಕೊಳೆಯೂ ಸೇರಿತು. ಆಗ, ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ, ಕೆ. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ, 1894ರಲ್ಲಿ ಹೆಸರಘಟ್ಟದ ಜಲಾಶಯವು ರೂಪುಗೊಂಡಿತು. ಅಲ್ಲಿಂದ ನೀರು ಇಟ್ಟಿಗೆಯ ಕಾಲುವೆಯಲ್ಲಿ ತಾನಾಗಿಯೇ ಇಳಿದು ತರಬನಹಳ್ಳಿಯ ಕಡೆಗೆ ಬಂದು, ಶೆಟ್ಟಿಹಳ್ಳಿಗೆ ನೆರೆಯಾದ ಸೋಲದೇವನಹಳ್ಳಿಯನ್ನು ಸೇರುತ್ತಿತ್ತು. ಅಲ್ಲಿ ಉಗಿಯಂತ್ರಗಳು ಅದನ್ನು ಗುಡ್ಡದ ಮೇಲಕ್ಕೆ ಎತ್ತುತ್ತಿದ್ದುವು; ಗುಡ್ಡದಿಂದ ನೀರು ಮತ್ತೆ ತನ್ನ ಭಾರದಿಂದಲೇ ಮಲ್ಲೇಶ್ವರದ ಕಡೆಗೆ ಹರಿಯುತ್ತಿತ್ತು.

ಸೋಲದೇವನಹಳ್ಳಿಯ ಯಂತ್ರದ ಮನೆಯಲ್ಲಿ ಯಾವ ದೊರೆಯೂ ಮಲಗಲಿಲ್ಲ. ಆದರೂ ನಮ್ಮ ಎಣಿಕೆಯಲ್ಲಿ ಈ ಕಣಿವೆಯ ಅತ್ಯಂತ ಮುಖ್ಯವಾದ ಮನೆ ಅದೇ. ಅರಮನೆಯು ಒಂದು ವಂಶವನ್ನು ಸಲಹಿತು. ಈ ಮನೆ ಒಂದು ನಗರವನ್ನೇ ಸಲಹಿತು. ಒಲೆಗೆ ಸೌದೆ ಕಲ್ಲಿದ್ದಲು ಒಟ್ಟಿದವರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ಅವರು ಎತ್ತಿದ ನೀರನ್ನು ಮಾತ್ರ ಊರೆಲ್ಲ ಕುಡಿಯಿತು.

ಎಲ್ಲವೂ ನೀರಿನಿಂದಲೇ ಹುಟ್ಟಿತೆಂದು ನಾವು ಹಟ ಹಿಡಿಯುವುದಿಲ್ಲ. ಹೆಸರಘಟ್ಟದ ಬಯಲಿನಲ್ಲಿ 1990ರಲ್ಲಿ ಪ್ರೋತಿಮಾ ಗೌರಿ ಬೇಡಿಯವರು ಸ್ಥಾಪಿಸಿದ ನೃತ್ಯಗ್ರಾಮಕ್ಕೆ ಬೇಕಾಗಿದ್ದುದು ಏಕಾಂತ. ಜೆರಾರ್ಡ್ ಡ ಕುನ್ಹ ಎಂಬ ಶಿಲ್ಪಿಯ ಯೋಜನೆಯಂತೆ ಕಲ್ಲು, ಮಣ್ಣು, ಹುಲ್ಲುಗಳಿಂದ ಎದ್ದ ಅಲ್ಲಿನ ಮನೆಗಳಲ್ಲಿ ಒಡಿಸ್ಸಿ ನೃತ್ಯವನ್ನು ಗುರುಕುಲ ಪದ್ಧತಿಯಲ್ಲಿ ಕಲಿಸಲಾಯಿತು. ಹಳೆಯ ಮನೆಗಳ ಬುದ್ಧಿಯನ್ನು ಹೊಸ ಮನೆಗೆ ತರುವುದು ಹೇಗೆಂಬುದನ್ನು ಅಲ್ಲಿ ಕಾಣಬಹುದು.

ಈಗ ಕಷ್ಟದ ಮಾತು. ಕಣಿವೆಯಲ್ಲಿ ಮಳೆ ಹೆಚ್ಚೇನೂ ತಗ್ಗದಿದ್ದರೂ ಅರ್ಕಾವತಿಯ ಹರಿವು ಕುಗ್ಗಿತು. ಕೊಳವೆಬಾವಿಗಳು ನೆಲದೊಳಗಿನ ನೀರನ್ನು ಹೀರಿದುವು. ನೀಲಗಿರಿಯ ತೋಪುಗಳು ತಮ್ಮ ಪಾಲನ್ನು ತೆಗೆದುಕೊಂಡುವು. ಕೆರೆಯಿಂದ ಕೆರೆಗೆ ಹೋಗುವ ಕಾಲುವೆಗಳು ಮುಚ್ಚಿದುವು. 1974ರಲ್ಲಿ ಕಾವೇರಿಯ ನೀರು ಬೆಂಗಳೂರಿಗೆ ಬಂದ ಮೇಲೆ ನಗರಕ್ಕೆ ಹತ್ತಿರದ ನದಿಯ ನೆನಪೇ ಮಸುಕಾಯಿತು. ಕಣಿವೆಯ ರಕ್ಷಣೆಗಾಗಿ 2003ರಲ್ಲಿ ಸರ್ಕಾರವು ಅಧಿಸೂಚನೆಯನ್ನು ಹೊರಡಿಸಿತು; ಆದರೆ ಜನ ನೋಡದೆ ಬಿಟ್ಟುದನ್ನು ಕಾಗದವೊಂದೇ ಕಾಯಲಾರದು. ನೀರು ಹೋದ ಮೇಲೆ ಉಳಿದ ಕಾಲುವೆ ಕೇವಲ ಇಟ್ಟಿಗೆಯ ರಾಶಿಯಾಗಿ ತೋರುತ್ತದೆ. ಹಾಗೆ ತೋರಿದುದನ್ನು ಕೆಡವಲು ಯಾರ ಕೈಯೂ ಹಿಂಜರಿಯುವುದಿಲ್ಲ. ಇಂಗ್ಲೆಂಡಿನಲ್ಲಿ ಹಳೆಯ ಮನೆಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಹುಟ್ಟಿದ್ದು 1895ರಲ್ಲಿ, ಎಂದರೆ ಹೆಸರಘಟ್ಟದ ಜಲಾಶಯದ ಮರುವರ್ಷ. ಅಲ್ಲಿ ನೋಡಲು ಹೋದವರೇ ಕ್ರಮೇಣ ಕಾಯುವವರಾದರು.

ಆದಕಾರಣ ನೋಡಲು ಹೋಗಿ, ಮಕ್ಕಳನ್ನೂ ಕರೆದೊಯ್ಯಿರಿ. ಯಂತ್ರದ ಮನೆಯಂತಹ ಸ್ಥಳಗಳಿಗೆ ಮೊದಲೇ ಅನುಮತಿಯನ್ನು ಪಡೆಯಿರಿ. ಗೋಡೆಯ ಮೇಲೆ ಹೆಸರನ್ನು ಕೆತ್ತಬೇಡಿ. ಊರಿನ ಹಿರಿಯರೊಬ್ಬರನ್ನು ಮಾತನಾಡಿಸಿ, ಅವರು ಹೇಳಿದುದನ್ನು ಬರೆದಿಟ್ಟುಕೊಳ್ಳಿ. ಸಂಜೆ ಹಿಂದಿರುಗುವಾಗ ಶೆಟ್ಟಿಹಳ್ಳಿಯ ಕೆರೆಯ ಬಳಿ ಒಂದು ಗಳಿಗೆ ನಿಂತು, ಬೆಳಗ್ಗೆ ಕಲಿತ ಪ್ರಶ್ನೆಯನ್ನೇ ಕೇಳಿಕೊಳ್ಳಿ: ಈ ಊರು ಇಲ್ಲಿಯೇ ಏಕೆ ನಿಂತಿತು?