ಹುಳು ಮನೆಯಲ್ಲಿ ಫಿಂಚ್ ಹಕ್ಕಿ: ಕೈ ಸುಟ್ಟುಕೊಂಡು ಕಲಿತ ಲೆಕ್ಕ

ನಮ್ಮೂರು ಬಿಡದಿ ಕೈಗಾರಿಕಾ ಪ್ರದೇಶದ ಬೆನ್ನಿಗೇ ಇದೆ. ಟೊಯೋಟಾ ಕಾರ್ಖಾನೆ ಕಡೆ ಹೋಗೋ ಬಸ್ಸುಗಳು ನಮ್ಮ ಹೊಲದ ಬದಿಯಲ್ಲೇ ಓಡಾಡ್ತವೆ. ಅಪ್ಪ ಇರೋವರೆಗೂ ಹಿಪ್ಪುನೇರಳೆ ಇತ್ತು. ಹುಳು ಸಾಕಿ ಗೂಡನ್ನ ರಾಮನಗರ ಮಾರುಕಟ್ಟೆಗೆ ಹಾಕ್ತಿದ್ವಿ. ಅಪ್ಪ ಹೋದ ಮೇಲೆ ನಾನು ಬಿಡಿಭಾಗ ಮಾಡೋ ಒಂದು ಕಂಪನಿಗೆ ಕಾಂಟ್ರಾಕ್ಟ್ ಮೇಲೆ ಸೇರ್ಕೊಂಡೆ. ಮನೇಲಿ ಉಳಿದದ್ದು 20 ಗುಂಟೆ ಜಮೀನು, ಒಂದು ಖಾಲಿ ಹುಳು ಮನೆ, ಮತ್ತೆ ಆ ಹುಳು ಮನೆ ಕಟ್ಟೋಕೆ ಮಾಡಿದ್ದ ಸಾಲ.

ನೈಟ್ ಶಿಫ್ಟ್ ಊಟದ ಹೊತ್ತಲ್ಲಿ ಮೊಬೈಲ್ ನೋಡ್ತಾ ಕೂತಾಗ ಫಿಂಚ್ ಹಕ್ಕಿ ವಿಡಿಯೋ ಕಣ್ಣಿಗೆ ಬಿತ್ತು. ಹತ್ತು ಜೋಡಿ ಹಾಕಿದ್ರೆ ಸಾಕು, ತಿಂಗಳ ಸಂಬಳದಷ್ಟು ದುಡ್ಡು ಅಂತ ಅದರಲ್ಲಿ ಹೇಳ್ತಿದ್ದ. ನಿಮ್ಮ ಫೋನಿಗೂ ಇಂಥವು ಬಂದೇ ಬಂದಿರ್ತವೆ. ಮಾರನೇ ಭಾನುವಾರ ಬೆಂಗಳೂರಿಗೆ ಹೋಗಿ ಆರು ಜೋಡಿ ಜೀಬ್ರಾ ಫಿಂಚ್ ತಂದೆ, ಜೋಡಿಗೆ 350 ರೂಪಾಯಿ. ಅವ್ವ ಬಾಗಿಲಲ್ಲೇ ನಿಂತು, "ಹುಳಾನೇ ಸಾಕಕ್ಕಾಗ್ಲಿಲ್ಲ, ಹಕ್ಕಿ ಸಾಕ್ತೀಯೇನ್ಲಾ?" ಅಂದ್ಲು.

ಫಿಂಚ್ ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮ ಕಡೆ ಲವ್ ಬರ್ಡ್ಸ್ ಅಂತ ಕರೆಯೋದು ಬಹುತೇಕ ಬಡ್ಜಿಗಳನ್ನ, ಅವು ಸಣ್ಣ ಗಿಳಿಗಳು. ಫಿಂಚ್ ಅದಕ್ಕಿಂತ ಚಿಕ್ಕದು. ಜೀಬ್ರಾ ಫಿಂಚ್ ಸುಮಾರು 12 ಗ್ರಾಂ ತೂಗುತ್ತೆ, ಹೆಚ್ಚುಕಮ್ಮಿ ಗುಬ್ಬಿಯ ಅರ್ಧ. ಮೂಲ ಆಸ್ಟ್ರೇಲಿಯಾ. ಗಂಡಿಗೆ ಕೆನ್ನೆ ಮೇಲೆ ಕಿತ್ತಳೆ ಬಣ್ಣದ ಮಚ್ಚೆ, ಎದೆ ಮೇಲೆ ಪಟ್ಟೆ, ಪಕ್ಕೆಯಲ್ಲಿ ಬಿಳಿ ಚುಕ್ಕೆ ಇರುತ್ತೆ. ಹೆಣ್ಣು ಸಪ್ಪೆ ಬೂದು. ಪೂರ್ತಿ ಬಿಳಿ ತಳಿಯಲ್ಲಿ ಮಾತ್ರ ಕೊಕ್ಕು ನೋಡ್ಬೇಕು, ಗಂಡಿನದು ಕಡುಗೆಂಪು, ಹೆಣ್ಣಿನದು ತಿಳಿ ಕಿತ್ತಳೆ. ಬೆಂಗಾಲಿ ಫಿಂಚ್ ಅಂತ ಇನ್ನೊಂದಿದೆ, ಜಪಾನಿನವರು ಪಳಗಿಸಿದ ತಳಿ. ಅದರಲ್ಲಿ ಗಂಡು ಹೆಣ್ಣು ಒಂದೇ ಥರ. ಹಾಡೋದು ಗಂಡು ಮಾತ್ರ, ಅಷ್ಟೇ ಗುರುತು.

ಜೀಬ್ರಾ ಫಿಂಚ್ ಬರೀ ಚಂದಕ್ಕೆ ಸಾಕೋ ಹಕ್ಕಿಯಲ್ಲ, ವಿಜ್ಞಾನಿಗಳಿಗೂ ಬೇಕಾದ್ದು. ಕೋಳಿ ಆದ ಮೇಲೆ ಪೂರ್ತಿ ಜೀನೋಮ್ ಓದಿದ ಎರಡನೇ ಪಕ್ಷಿ ಇದು, 2010ರಲ್ಲಿ. ಗಂಡು ಮರಿ ಅಪ್ಪನ ಹಾಡು ಕೇಳಿ ಕೇಳಿ ಕಲಿಯುತ್ತೆ, ಮಕ್ಕಳು ಮಾತು ಕಲಿಯೋ ಹಾಗೆ. ನಮ್ಮ ಹುಳು ಮನೆಯಲ್ಲಿ ಒಂದೇ ಅಪ್ಪನ ನಾಲ್ಕು ಮರಿಗಳೂ ಹೆಚ್ಚುಕಮ್ಮಿ ಅದೇ ರಾಗ ಹಾಡ್ತವೆ, ಈಗ ಕಣ್ಮುಚ್ಚಿಕೊಂಡು ಯಾವ ಮನೆತನ ಅಂತ ಹೇಳ್ತೀನಿ.

ಹುಳು ಮನೆ ಹಕ್ಕಿಗೆ ಹೇಳಿ ಮಾಡಿಸಿದಂಗಿತ್ತು. ಊಜಿ ನೊಣಕ್ಕೆ ಅಂತ ಕಿಟಕಿಗೆಲ್ಲ ಪರದೆ, ಒಳಗೆ ತಂಪು, ಸುತ್ತ ಇರುವೆ ಬರದಂಗೆ ನೀರಿನ ಕಾಲುವೆ. ಆದ್ರೆ ಎಷ್ಟೋ ವರ್ಷ ಬ್ಲೀಚಿಂಗ್ ಪೌಡರ್, ಫಾರ್ಮಾಲಿನ್ ಹೊಡೆದಿದ್ದ ಮನೆ ಅದು. ಮೂರು ಸಲ ತೊಳೆದು, ಸುಣ್ಣ ಬಳಿದು, ಒಂದು ತಿಂಗಳು ಕಿಟಕಿ ಬಾಗಿಲು ತೆಗೆದಿಟ್ಟೆ. ಮಾಡಿದ ಕೆಲಸದಲ್ಲಿ ಇದೊಂದು ಸರಿ ಇತ್ತು. ಹತ್ತು ಅಡಿಗೆ ಹದಿನೈದು ಅಡಿ ಜಾಗಕ್ಕೆ ತಂತಿ ಬಲೆ ಹೊಡೆದು ಗೂಡು ಮಾಡಿದೆ. ಬಲೆ ಮಾತ್ರ ಅರ್ಧ ಇಂಚಿನ ಕಣ್ಣಿನದು ತಂದಿದ್ದೆ, ಅಲ್ಲಿ ಎಡವಿದೆ. ಅದರಲ್ಲಿ ಇಲಿಮರಿ ನುಗ್ಗುತ್ತೆ, ಇಲಿ ಹಿಂದೆ ಕೇರೆ ಹಾವು ಬಂದು ಹೊರಗಿಂದ ಸುತ್ತು ಹಾಕುತ್ತೆ, ಹಕ್ಕಿಗಳು ರಾತ್ರಿಯೆಲ್ಲ ಗೋಡೆಗೆ ಬಡ್ಕೊಳ್ತವೆ. ನೆಲದಿಂದ ಮೂರು ಅಡಿವರೆಗಾದ್ರೂ ಕಾಲಿಂಚಿನ ಬಲೆ ಹಾಕಿ. ಬಾಗಿಲು ಎರಡು ಇರ್ಲಿ, ಒಂದು ಮುಚ್ಚಿದ ಮೇಲೇ ಇನ್ನೊಂದು ತೆಗೆಯೋ ಹಾಗೆ. ರಾತ್ರಿ ಒಂದು ಮಂಕು ದೀಪ ಉರೀತಿರ್ಬೇಕು. ಲಾರಿ ಹಾರನ್ನಿಗೋ ದೀಪಾವಳಿ ಪಟಾಕಿಗೋ ಬೆಚ್ಚಿಬಿದ್ದ ಹಕ್ಕಿಗೆ ವಾಪಸ್ ಕೂರೋ ಕೋಲು ಕಾಣ್ಬೇಕಲ್ಲ.

ರೇಷ್ಮೆ ಎಳೆ

ಗೂಡಿಗೆ ಕುಂಬಾರರ ಹತ್ರ ಸಣ್ಣ ಕುಡಿಕೆ ತಂದು ಅಡ್ಡಡ್ಡ ಕಟ್ಟಿದೆ. ಒಂದು ವಾರಕ್ಕೇ ಮೊಟ್ಟೆ. ಒಂದು ಕುಡಿಕೆಗೆ ನಾಲ್ಕರಿಂದ ಆರು ಮೊಟ್ಟೆ ಇಡ್ತವೆ, ಗಂಡು ಹೆಣ್ಣು ಇಬ್ಬರೂ ಸರದಿ ಮೇಲೆ ಕಾವು ಕೂರ್ತಾರೆ. 12ರಿಂದ 14 ದಿನಕ್ಕೆ ಮರಿ. ಇನ್ನೊಂದು ಮೂರು ವಾರದೊಳಗೆ ಮರಿ ಕುಡಿಕೆಯಿಂದ ಹೊರಗೆ ಬರುತ್ತೆ.

ಆಗ ನನಗೊಂದು ಬುದ್ಧಿ ಹೊಳೀತು. ಅಟ್ಟದ ಮೇಲೆ ಹಳೇ ಚಂದ್ರಿಕೆಗಳಿದ್ದವು, ಗೂಡು ಬಿಡಿಸಿದ ಮೇಲೆ ಅದಕ್ಕೆ ಅಂಟ್ಕೊಂಡಿರೋ ಉದುರು ರೇಷ್ಮೆ ಎಳೆ ಸಮೇತ. ಅದನ್ನ ಕಿತ್ತು ಹಕ್ಕಿಗಳಿಗೆ ಹಾಸಿಗೆಗೆ ಅಂತ ಹಾಕಿದೆ. ಗಂಡುಗಳು ಜಗಳ ಆಡ್ಕೊಂಡು ಎಳ್ಕೊಂಡು ಹೋದವು. ಕುಡಿಕೆಯೊಳಗೆ ಹತ್ತಿಯಂಗೆ ಮೆತ್ತಗೆ. ಅಪ್ಪನ ರೇಷ್ಮೆ ಕೊನೆಗೂ ಒಂದು ಉಪಯೋಗಕ್ಕೆ ಬಂತು ಅಂತ ಖುಷಿಪಟ್ಟು ಫೋಟೋ ತೆಗೆದು ಸ್ಟೇಟಸ್ಸಿಗೂ ಹಾಕಿದ್ದೆ.

ಮರಿಗಳು ಹೊರಗೆ ಬರೋ ದಿನ ಬಂತು, ಮೂರು ಕುಡಿಕೆಯಿಂದ ಒಂದೂ ಬರ್ಲಿಲ್ಲ. ಇಳಿಸಿ ನೋಡಿದ್ರೆ ಎಳೆ ಕಾಲಿಗೆ ಸುತ್ಕೊಂಡು, ಮರಿ ಬೆಳೆದಂಗೆಲ್ಲ ಬಿಗಿದು, ಕಾಲು ಕಪ್ಪಗಾಗಿತ್ತು. ರೇಷ್ಮೆ ಎಳೆ ಕಣ್ಣಿಗೆ ಕಾಣಲ್ಲ, ಹರಿಯೋದೂ ಇಲ್ಲ. ಅದಕ್ಕೇ ತಾನೇ ಅದಕ್ಕೆ ಬೆಲೆ. ಅವ್ವ ಕನ್ನಡಕ ಹಾಕ್ಕೊಂಡು, ಹೊಲಿಗೆ ಕತ್ತರಿ ತಂದು, ಒಂದೊಂದೇ ಮರಿ ಅಂಗೈಲಿ ಹಿಡಿದು ಎಳೆ ಬಿಡಿಸಿದ್ಲು. ಹನ್ನೊಂದರಲ್ಲಿ ನಾಲ್ಕು ಉಳಿದವು, ಅದರಲ್ಲಿ ಒಂದಕ್ಕೆ ಪಾದ ಇಲ್ಲ. ಅದು ಹೆಣ್ಣು, ಕುಂಟಿ ಅಂತ ಅವ್ವನೇ ಹೆಸರಿಟ್ಟಿದ್ದಾಳೆ.

ದಾರ, ಕೂದಲು, ಹತ್ತಿ, ಗೋಣಿ ನಾರು ಯಾವುದನ್ನೂ ಉದ್ದಕ್ಕೆ ಹಾಕ್ಬೇಡಿ. ಒಣ ಗರಿಕೆ ಸಾಕು. ತೆಂಗಿನ ನಾರು ಹಾಕೋದಾದ್ರೆ ಎರಡು ಮೂರು ಇಂಚಿಗೆ ಕತ್ತರಿಸಿ ಹಾಕಿ.

ಎರಡನೇ ಪೆಟ್ಟು ಬಿದ್ದಿದ್ದು ಡಿಸೆಂಬರ್ ಚಳಿಯಲ್ಲಿ. ಕುಡಿಕೆ ಇದ್ದಷ್ಟು ದಿನ ಜೀಬ್ರಾ ಫಿಂಚ್ ಮೊಟ್ಟೆ ಇಡ್ತಾನೇ ಇರುತ್ತೆ, ತಾನಾಗಿ ನಿಲ್ಸಲ್ಲ. ಮೊಟ್ಟೆ ಅಂದ್ರೆ ದುಡ್ಡು ಅಂತ ನಾನೂ ಬಿಟ್ಟೆ. ಐದನೇ ಸರದಿಗೆ ಹೆಣ್ಣುಗಳ ಮೈಯಲ್ಲಿ ಸುಣ್ಣದ ಅಂಶವೇ ಉಳಿದಿರ್ಲಿಲ್ಲ. ಒಂದು ಬೆಳಗ್ಗೆ ನೈಟ್ ಶಿಫ್ಟ್ ಮುಗಿಸಿ ಬಂದು ನೋಡ್ತೀನಿ, ಎರಡು ಹೆಣ್ಣು ಗರಿ ಕೆದರ್ಕೊಂಡು ನೆಲದ ಮೇಲೆ ಕೂತಿವೆ. ಮೊಟ್ಟೆ ಹೊರಗೆ ಬರ್ದೆ ಸಿಕ್ಕಿಹಾಕ್ಕೊಂಡಿತ್ತು. ಒಂದನ್ನ ನಾನು ಹೊಟ್ಟೆ ಒತ್ತಿ ತೆಗೆಯೋಕೆ ಹೋದೆ, ಒಳಗೇ ಒಡೆದು ಕೈಯಲ್ಲೇ ಸತ್ತೋಯ್ತು. ಇನ್ನೊಂದನ್ನ ರಟ್ಟಿನ ಡಬ್ಬಕ್ಕೆ ಹಾಕಿ ಪಕ್ಕದಲ್ಲಿ ಬಲ್ಬ್ ಉರಿಸಿ ಬೆಚ್ಚಗಿಟ್ಟೆ, ನೀರಿಗೆ ಕ್ಯಾಲ್ಸಿಯಂ ಟಾನಿಕ್ ಎರಡು ಹನಿ. ಮಧ್ಯಾಹ್ನ ಮೊಟ್ಟೆ ಇಡ್ತು. ಇಂಥ ಹೊತ್ತಲ್ಲಿ ಮೊದಲ ಔಷಧಿ ಬಿಸಿ. ಕೈಯಲ್ಲಿ ಒತ್ತೋಕೆ ಹೋಗ್ಬೇಡಿ. ಬೆಚ್ಚಗಿಟ್ಟೂ ಮೂರು ನಾಲ್ಕು ಗಂಟೆಯಲ್ಲಿ ಮೊಟ್ಟೆ ಬರ್ಲಿಲ್ಲ ಅಂದ್ರೆ ಪಶುವೈದ್ಯರ ಹತ್ರ ಓಡಿ.

ಈಗ ಒಂದು ಜೋಡಿಗೆ ವರ್ಷಕ್ಕೆ ಮೂರೇ ಸರದಿ. ಡಿಸೆಂಬರ್, ಜನವರಿ ಮತ್ತೆ ಏಪ್ರಿಲ್, ಮೇ ತಿಂಗಳಲ್ಲಿ ಕುಡಿಕೆ ಇಳಿಸಿಬಿಡ್ತೀನಿ. ಮನೇಲಿ ಬೇಯಿಸಿದ ಮೊಟ್ಟೆ ಸಿಪ್ಪೆಯನ್ನ ಬಾಣಲೆಯಲ್ಲಿ ಹುರಿದು ಪುಡಿ ಮಾಡಿ ಒಂದು ತಟ್ಟೆಯಲ್ಲಿ ಯಾವಾಗ್ಲೂ ಇಟ್ಟಿರ್ತೀನಿ. ಕಟಲ್ ಬೋನ್ ಅಂತ ಅಂಗಡಿಯಲ್ಲಿ ಸಿಗೋದೂ ಒಳ್ಳೇದೇ. ಮರಿ ಇದ್ದಾಗ ದಿನಾ ಬೇಯಿಸಿದ ಕೋಳಿಮೊಟ್ಟೆ ಹಿಸುಕಿ ಕೊಡ್ಬೇಕು, ಎರಡು ಗಂಟೆ ಆದ ಮೇಲೆ ಮಿಕ್ಕಿದ್ದನ್ನ ಎತ್ತಿಬಿಡಿ, ಹುಳಿ ಬರುತ್ತೆ. ಕುಡಿಕೆ ಜೋಡಿಗಳ ಎರಡರಷ್ಟು ಇರ್ಲಿ, ಎಲ್ಲ ಒಂದೇ ಎತ್ತರದಲ್ಲಿ. ಮೇಲಿನ ಕುಡಿಕೆಗೆ ಅವು ಜಗಳ ಆಡ್ತವೆ, ಥೇಟ್ ನಮ್ಮಂಗೇ. ಜೋಡಿ ಇಲ್ಲದ ಒಂಟಿ ಗಂಡನ್ನ ಒಳಗೆ ಬಿಡ್ಬೇಡಿ. 40 ದಿನಕ್ಕೆ ಮರಿಗಳನ್ನ ಬೇರೆ ಮಾಡಿ. ಮೂರು ತಿಂಗಳಿಗೇ ಮೊಟ್ಟೆ ಇಡೋಕೆ ಶುರು ಮಾಡ್ತವೆ, ಆರು ತಿಂಗಳು ತುಂಬೋವರೆಗೆ ಜೋಡಿ ಕಟ್ಟಬಾರದು. ಅಣ್ಣ ತಂಗಿ ಸೇರದಂಗೆ ಕಾಲಿಗೆ ಬಣ್ಣದ ಉಂಗುರ ಹಾಕಿ ನೋಟ್‌ಬುಕ್ಕಲ್ಲಿ ಬರೆದಿಡಿ.

ವ್ಯಾಪಾರಿ ಕೇಳಿದ್ದು

ಮೊದಲನೇ ವರ್ಷದ ಲೆಕ್ಕ ಹೇಳ್ಬಿಡ್ತೀನಿ. ಬಲೆ, ಬಾಗಿಲು 6,500. ಹಕ್ಕಿ 2,100. ಕಾಳು 3,000. ಒಟ್ಟು 11,600. ಒಬ್ಬ ವ್ಯಾಪಾರಿಗೆ 40 ಹಕ್ಕಿ ಕೊಟ್ಟೆ, ಒಂದಕ್ಕೆ 120 ರೂಪಾಯಿ. ಬಂದಿದ್ದು 4,800. ಉಳಿದ 6,800 ನನ್ನ ಸಂಬಳದಿಂದ ಹೋಯ್ತು, ಸಾಲದ ಕಂತು ಹಿಂದೆ ಬಿತ್ತು.

ಆಗ ಆ ವ್ಯಾಪಾರಿನೇ ಒಂದು ಮಾತು ಹೇಳಿದ. ನಿಮ್ಮ ಕಡೆ ಹೊಲದಲ್ಲಿ ರಾಟವಾಳ ಬರ್ತವಲ್ಲ, ಹಿಡಿದು ಕೊಡಿ, ಬಣ್ಣ ಹಚ್ಚಿ ಮಾರ್ತೀವಿ, ಸಾಕೋ ಖರ್ಚೇ ಇಲ್ಲ ಅಂತ. ರಾಗಿ ತೆನೆ ಬಲಿತಾಗ ಹಿಂಡು ಹಿಂಡಾಗಿ ಬರೋ ಸಣ್ಣ ಹಕ್ಕಿ ಅದು, ಫಿಂಚ್ ಸಂಬಂಧಿಕರೇ. ನಾನು ಹೂಂ ಅನ್ಲಿಲ್ಲ, ಊಹೂಂ ಅಂತಲೂ ಅನ್ಲಿಲ್ಲ. ಊರಲ್ಲಿ ಹೆಂಗೋ ಸುದ್ದಿ ಆಯ್ತು. ಒಂದು ಸಂಜೆ ಪಕ್ಕದ ಬೀದಿ ಹುಡುಗ ತರಕಾರಿ ಕ್ರೇಟಿಗೆ ಬಟ್ಟೆ ಕಟ್ಕೊಂಡು ಬಂದ. "ಅಣ್ಣ, ಹದಿನಾರು ಬಿದ್ದವೆ. ತಲೆಗೆ ಐವತ್ತು ಕೊಡ್ತೀಯಾ?"

ಕಂತು ಕಟ್ಟೋಕೆ ಮೂರು ದಿನ ಇತ್ತು. ಬಟ್ಟೆ ಸರಿಸಿ ನೋಡಿದೆ. ಹೆಗಲೆತ್ತರ ಗೂಡಲ್ಲೇ ಹುಟ್ಟಿದ ಫಿಂಚ್ ನನ್ನ ನೋಡಿದ್ರೆ ಕಾಳಿಗೆ ಹತ್ರ ಬರುತ್ತೆ. ಇವು ಒಂದರ ಮೇಲೊಂದು ಹತ್ತಿ ಮೂಲೆ ಸೇರ್ಕೊಂಡು ಕೊಕ್ಕು ತೆಗೆದು ಏದುಸಿರು ಬಿಡ್ತಿದ್ದವು, ಎರಡು ಆಗ್ಲೇ ಸತ್ತಿದ್ದವು. ಹುಡುಗನ ಕೈಗೆ ನೂರು ರೂಪಾಯಿ ಕೊಟ್ಟು, ಬಲೆ ಕಿತ್ತು ಹಾಕಿಸಿ, ಹೊಲದ ಬದುವಿನಲ್ಲಿ ಕ್ರೇಟ್ ತೆಗೆದೆ. ದುಡ್ಡು ಕೊಟ್ಟಿದ್ದು ತಪ್ಪೇ, ಇನ್ನೊಂದು ಸಲ ಹಿಡಿಯೋಕೆ ಆಸೆ ಹುಟ್ಟಿಸಿದಂಗೆ. ಆವತ್ತು ಹೊಳೀಲಿಲ್ಲ.

ಕಾನೂನು ಗೊತ್ತಿರ್ಲಿ. ರಾಟವಾಳ, ನಮ್ಮ ಗಿಳಿ, ಯಾವುದೇ ಕಾಡುಹಕ್ಕಿ ಹಿಡಿಯೋದು, ಸಾಕೋದು, ಮಾರೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಜೀಬ್ರಾ, ಬೆಂಗಾಲಿ ಫಿಂಚ್ ವಿದೇಶಿ ತಳಿ, ಆ ನಿಷೇಧ ಇವಕ್ಕಿಲ್ಲ. ಆದ್ರೆ ಜಾವಾ ಗುಬ್ಬಿಯಂಥ ಕೆಲವು ವಿದೇಶಿ ಹಕ್ಕಿಗಳು ಅಂತರರಾಷ್ಟ್ರೀಯ ಸೈಟಿಸ್ ಪಟ್ಟಿಯಲ್ಲಿವೆ, ಅಂಥವನ್ನ ಸಾಕೋರು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸ್ಬೇಕು. ಅಂಗಡಿ ಇಟ್ಟು ಮಾರೋದಾದ್ರೆ 2018ರ ಪೆಟ್ ಶಾಪ್ ನಿಯಮದ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಬೇಕು. ಶುರು ಮಾಡೋ ಮುಂಚೆ ಪಶು ಆಸ್ಪತ್ರೆಯಲ್ಲಿ ಒಂದು ಮಾತು ಕೇಳಿ.

ತೆನೆ

ಕಾಳಿನ ಖರ್ಚು ತಗ್ಗಿಸೋಕೆ ಅಂತ ಮುಂಗಾರಿನಲ್ಲಿ ಐದು ಗುಂಟೆಗೆ ನವಣೆ ಚೆಲ್ಲಿದೆ. ಒಂದು ಫಿಂಚ್ ದಿನಕ್ಕೆ ಹೆಚ್ಚು ಅಂದ್ರೆ ಒಂದು ಟೀ ಚಮಚ ಕಾಳು ತಿನ್ನುತ್ತೆ. ನವಣೆ, ಬರಗು, ಸಾಮೆ ಮೂರೂ ಸೇರಿಸಿ ಕೊಟ್ರೆ ಚೆನ್ನ. ತೊಂಬತ್ತು ದಿನಕ್ಕೆ ಬೆಳೆ ಬಂತು. ಕಾಳು ಬಡಿಯೋ ಪುರುಸೊತ್ತಿಲ್ಲದೆ ತೆನೆ ಸಮೇತ ಗೂಡಿಗೆ ನೇತು ಹಾಕಿದೆ. ಹಕ್ಕಿಗಳು ಮುಗಿಬಿದ್ದವು. ಅಷ್ಟರಲ್ಲಿ ಬೆಂಗಳೂರಿಂದ ಜೋಡಿ ತಗೊಳ್ಳೋಕೆ ಬಂದಿದ್ದ ಒಬ್ರು ಅದನ್ನ ನೋಡಿ, "ಇದೇ ತೆನೆ ಅಂಗಡಿಯಲ್ಲಿ ಪ್ಯಾಕೆಟ್ ಮಾಡಿ ಮಾರ್ತಾರಲ್ರೀ, ನನಗೆ ಹತ್ತು ಕಟ್ಟು ಕೊಡಿ" ಅಂದ್ರು.

ಎರಡನೇ ವರ್ಷ ವ್ಯಾಪಾರಿಯನ್ನ ಬಿಟ್ಟೆ. ಮನೇಲಿ ಸಾಕೋರಿಗೆ ನೇರವಾಗಿ ಜೋಡಿಗೆ 400ರಂತೆ 28 ಜೋಡಿ ಕೊಟ್ಟೆ, 11,200. ಕಾಳು, ಮೊಟ್ಟೆ ಖರ್ಚು 4,000 ಕಳೆದ್ರೆ 7,200. ತಿಂಗಳಿಗೆ 600 ರೂಪಾಯಿ, ಆ ವಿಡಿಯೋದವನು ಹೇಳಿದ್ದು ಇದಲ್ಲ. ಆದ್ರೆ ಹತ್ತು ತೆನೆಯ ಕಟ್ಟು 50 ರೂಪಾಯಿಯಂತೆ 240 ಕಟ್ಟು ಹೋಯ್ತು, 12,000. ಐದೇ ಗುಂಟೆಯಲ್ಲಿ. ಔಷಧಿ ಹೊಡೀಬಾರದು, ತೆನೆ ಪೂರ್ತಿ ಮಾಗೋ ಮುಂಚೆ ಅರ್ಧ ಅಡಿ ಕಡ್ಡಿ ಬಿಟ್ಟು ಕೊಯ್ದು ನೆರಳಲ್ಲಿ ಒಣಗಿಸ್ಬೇಕು, ಮಳೆಯಲ್ಲಿ ನೆಂದಿದ್ದು ಬೂಸ್ಟು ಹಿಡಿಯುತ್ತೆ, ಅದನ್ನ ಕೊಟ್ರೆ ಹಕ್ಕಿ ಸಾಯ್ತವೆ. ಬದುವಿನ ಕಡೆಯ ಎರಡು ಸಾಲು ರಾಟವಾಳ ತಿಂದುಹಾಕಿದವು. ಲೆಕ್ಕದಲ್ಲಿ ಅದನ್ನೂ ಬರೆದಿಟ್ಟಿದ್ದೀನಿ.

ಕಂಪನಿ ಕೆಲಸ ಬಿಟ್ಟಿಲ್ಲ, ಬಿಡೋ ಹಾಗೂ ಇಲ್ಲ. ಈ ತಿಂಗಳು ಬಿಸಿಲಿಗೆ ಕುಡಿಕೆ ಎಲ್ಲ ಇಳಿಸಿ ತೊಳೆದು ಬೋರಲು ಹಾಕಿದ್ದೀನಿ. ಒಂದು ಹದ ಮಳೆ ಬಿದ್ರೆ ಈ ಸಲ ಹತ್ತು ಗುಂಟೆ ನವಣೆ. ಕುಂಟಿಗೆ ಕೋಲಿನ ಮೇಲೆ ಕೂರೋಕೆ ಕಷ್ಟ ಅಂತ ಅವ್ವ ಹಳೇ ಹಲಗೆ ಒಂದನ್ನ ಮೂಲೆಯಲ್ಲಿ ಹೊಡೆಸಿದ್ದಾಳೆ, ಬೆಳಗ್ಗೆ ನಾನು ಶಿಫ್ಟ್ ಮುಗಿಸಿ ಬರೋ ಹೊತ್ತಿಗೆ ಅದಕ್ಕೆ ಕಾಳು ಹಾಕಿ ಆಗಿರುತ್ತೆ.